ನನ್ನ ನೆಲದ ಮೇಲೆ ಅವಳ ಗೆರೆ

ಗುರುವಾರ, ಮಧ್ಯಾಹ್ನ

ಮೇಸ್ತ್ರಿಗಳಿಗೆ,

ಕಟ್ಟಿಕೊಂಡ ತಪ್ಪಿಗೆ ಇನ್ನೂ ನಿನ್ನ ಹೆಂಡತಿ ಅನ್ನಿಸಿಕೊಂಡಿರುವವಳ ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ಸೋಮವಾರ ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಬಂದಿದೆ. ಫೋನು ಮಾಡಿದರೆ ನನ್ನ ದನಿ ಕೇಳಿದೊಡನೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ವಿಷಯ ಇಷ್ಟು: ಶನಿವಾರ ಚರ್ಚಿನ ಮೇಲೆ ಏರಿಸಲು ಸಜ್ಜು ಮಾಡಿಟ್ಟಿದ್ದೀಯಲ್ಲ, ಆ ಐದು ಮರದ ಚೌಕಟ್ಟುಗಳು, ಅವು ಅಲ್ಲಿ ಕೂರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಕಾರಿಕೊಳ್ಳಬೇಕು.

ನಿನ್ನ ಬಾಚಿ ವಾಪಸ್ ಕೊಡಲು ಬಂದೆ ಅಂದದ್ದು ನೆಪ. ಅವಳನ್ನು ನೋಡಲು ಬಂದಿದ್ದೆ. ಹೊಸದಾಗಿ ನಿನ್ನ ಕೆಲಸಕ್ಕೆ ಸೇರಿದ ಆ ಉದ್ದಜಡೆಯವಳ ಬಗ್ಗೆ ಜನ ನನಗೆ ಎರಡು ಸುದ್ದಿ ಮುಟ್ಟಿಸಿದ್ದರು. ಒಂದು, ಅವಳು ನಿನ್ನ ಮನೆಯಲ್ಲೇ ಊಟ ಮಾಡುತ್ತಾಳೆ. ಇನ್ನೊಂದು, ಚಾವಣಿಯ ಗೆರೆ ಈಗ ಅವಳೇ ಹಾಕುತ್ತಾಳೆ. ಮೊದಲನೆಯದು ಕೇಳಿದ ದಿನ ಅಡುಗೆಗೆ ಉಪ್ಪು ಎರಡು ಸಲ ಬಿತ್ತು, ಅಷ್ಟೆ. ಎರಡನೆಯದು ಕೇಳಿದಾಗ ಒಲೆ ಆರಿಸಿ ಹೊರಟೇಬಿಟ್ಟೆ.

ನೀನು ಮರ ಕೊಯ್ಯುವ ಆ ಶೆಡ್ಡಿನ ನೆಲ ನನ್ನದು ಕಣಯ್ಯ. ಹಲಗೆ ಹಾಸಿ, ಉಜ್ಜಿ, ಸುಣ್ಣದ ದಾರ ಬಿಗಿದು, ಮೇಲೆ ಹೋಗಬೇಕಾದ ಒಂದೊಂದು ಚೌಕಟ್ಟನ್ನೂ ಇದ್ದ ಗಾತ್ರಕ್ಕೆ ಆ ನೆಲದ ಮೇಲೆ ಬರೆದವಳು ನಾನು. ಆ ಗೆರೆಯ ಮೇಲೆ ತೊಲೆ ಇಟ್ಟು ನೀನು ತೊಲೆಗೆ ತೊಲೆ ಕೂಡುವ ಕಚ್ಚು ಕೊಯ್ದೆ, ಮರದ ಬೆಣೆ ಹೊಡೆದೆ, ಮೇಲೆ ಏರಿದೆ, ಚಪ್ಪಾಳೆ ಹೊಡೆಸಿಕೊಂಡೆ. ನಾಲ್ಕು ಹಳೇ ಚರ್ಚುಗಳ ಚಾವಣಿ ನನ್ನ ಗೆರೆಯ ಮೇಲೆ ನಿಂತಿದೆ. ಗೋಡೆಗೆ ಹೊಡೆದ ಹಿತ್ತಾಳೆ ಫಲಕದಲ್ಲಿ ಯಾರ ಹೆಸರು? ನಿನ್ನದು, ಇಂಜಿನಿಯರದು, ದುಡ್ಡು ಕೊಟ್ಟವನದು, ಅವನ ಸತ್ತ ಅಪ್ಪನದು. ಮಂಡಿ ಊರಿ ಗೆರೆ ಎಳೆದವಳು ಸತ್ತವನಿಗಿಂತ ಕಡೆ! ನಾನು ಮನೆ ಬಿಟ್ಟದ್ದು ಯಾಕೆ ಅಂತ ಕೇಳಿದವರಿಗೆ ‘ಅವಳಿಗೆ ಕೊಬ್ಬು’ ಅಂದೆಯಂತೆ. ಹೌದು, ಕೊಬ್ಬೇ.

ಶೆಡ್ಡಿಗೆ ಕಾಲಿಟ್ಟಾಗ ಅವಳು ಜಡೆಯನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು. ನಿನ್ನ ಮಂಚದ ಮೇಲೆ ಕಂಡಿದ್ದರೆ ಬಾಗಿಲು ಎಳೆದುಕೊಂಡು ಬಂದುಬಿಡುತ್ತಿದ್ದೆ. ನನ್ನ ನೆಲದ ಮೇಲೆ ಕಂಡೆನಲ್ಲ, ನೇರ ಒಳಗೆ ನಡೆದೆ. ತಲೆ ಎತ್ತಿ ಏನು ಹೇಳಿದಳು ಗೊತ್ತೆ? ‘ಬನ್ನಿ ಅಕ್ಕ, ಸ್ವಲ್ಪ ನೋಡ್ಕೊಂಡು, ಗೆರೆ ತುಳಿದುಬಿಟ್ಟೀರಿ’ ಅಂದಳು. ನನಗೆ! ಅದರ ಮೇಲೆ ನೀನು ಕೊಡತಿ ಹೆಗಲಿಗೇರಿಸಿ ಹಲ್ಲು ಕಿರಿದೆ: ‘ನೋಡೇ, ಎಲ್ಲಾ ಮುಗಿಸಿಬಿಟ್ಲು. ನೀನಾಗಿದ್ರೆ ಇನ್ನೂ ನೆಲ ಉಜ್ತಾ ಕೂತಿರ್ತಿದ್ದೆ.’

ಆಗಲೇ ನನ್ನ ಕಣ್ಣು ನೆಲದ ಮೇಲೆ ಹೋಯಿತು. ಒಂದೇ ಒಂದು ಚೌಕಟ್ಟಿನ ಗೆರೆ. ಐದಕ್ಕೂ ಅದೇ ಅಳತೆಯಲ್ಲಿ ತೊಲೆ ಕೊಯ್ದು ಶೆಡ್ಡಿನ ಗೋಡೆಗೆ ಆನಿಸಿದ್ದೀಯ.

ಶೆಡ್ಡಿಗೆ ಬರುವ ಮೊದಲು ಹಳೇ ಚಟಕ್ಕೆ ಚರ್ಚಿನೊಳಗೆ ಹೋಗಿ ಕೋಲಿಟ್ಟು ಅಳೆದಿದ್ದೆ. ಎರಡು ಗೋಡೆಗಳ ನಡುವಿನ ಅಗಲ ಬಾಗಿಲ ಕಡೆಗಿಂತ ಬಲಿಪೀಠದ ಕಡೆ ಒಂದು ಗೇಣು ಕಿರಿದು. ಎಲ್ಲ ಹಳೇ ಚರ್ಚುಗಳ ಗೋಡೆಯೂ ಹೀಗೇ ಸೊಟ್ಟ. ನೀನು ಕಳಚಿ ಅಂಗಳಕ್ಕೆ ಎಸೆದಿರುವ ಹುಳುಕು ಚೌಕಟ್ಟುಗಳ ಸಂದಿನಲ್ಲಿ ಉಳಿಯ ಗೀರುಗಳಿವೆ, ಒಂದಕ್ಕೆ ಒಂದು ಗೀರು, ಮುಂದಿನದಕ್ಕೆ ಎರಡು. ಎಲ್ಲವೂ ಒಂದೇ ಅಳತೆಯಾಗಿದ್ದರೆ ಆ ಕಾಲದ ಬಡಗಿಗಳಿಗೆ ಗುರುತು ಹಾಕುವ ಗ್ರಹಚಾರವೇನಿತ್ತು? ಒಂದೊಂದಕ್ಕೂ ಅದರದೇ ಜಾಗ. ಅದಕ್ಕೇ ನಾನು ಪ್ರತಿಯೊಂದಕ್ಕೂ ನೆಲ ಉಜ್ಜಿ ಹೊಸದಾಗಿ ಗೆರೆ ಹಾಕುತ್ತಿದ್ದದ್ದು. ನೀನು ಒಂದು ದಿನವೂ ಬಗ್ಗಿ ನೋಡಲಿಲ್ಲ. ಮೇಲಿಂದ ಇಳಿದು ಬಂದು ‘ನಾನು ಕೈ ಇಟ್ರೆ ಮರ ತಾನಾಗೇ ಕೂರುತ್ತೆ’ ಅಂತ ಮೀಸೆ ತಿರುವಿದೆ. ತಾನಾಗೇ ಕೂರಲಿಲ್ಲ. ನಾನು ಕೂರಿಸಿದ್ದೆ.

ಈ ಸಲ ಕೂರದಿದ್ದಾಗ ನೀನು ಕೊಡತಿ ಎತ್ತಿ ಬಡಿಯುತ್ತೀಯ, ನನಗೆ ಗೊತ್ತು. ಆ ಮುದಿ ಸುಣ್ಣದ ಗೋಡೆ ನಿನ್ನ ಸಿಟ್ಟು ತಾಳುವುದಿಲ್ಲ. ಅದು ಹೊರಕ್ಕೆ ಬಿದ್ದರೆ ಕೆಳಗೆ ಹಗ್ಗ ಹಿಡಿದು ನಿಂತವರ ಮೇಲೆ ಬೀಳುತ್ತದೆ. ಹಗ್ಗ ಹಿಡಿಯುವವರಲ್ಲಿ ಇಂಜಿನಿಯರ್ ಇರುವುದಿಲ್ಲ.

ಇಷ್ಟು ತಿಳಿದೂ ನಾನು ಬಾಯಿ ಬಿಡದೆ ಬಂದೆ. ಮಂಗಳವಾರವೆಲ್ಲ ಹಬ್ಬ ನನಗೆ. ತೊಲೆ ಅಡ್ಡಡ್ಡ ನಿಂತಿರುವುದು, ನಿನ್ನ ಮುಖ, ಅವಳ ಜಡೆಯ ತುಂಬ ಧೂಳು, ಎಲ್ಲ ಕಣ್ಣಿಗೆ ಕಟ್ಟಿಕೊಂಡು ಎರಡು ತುತ್ತು ಹೆಚ್ಚೇ ಉಂಡೆ.

ಬುಧವಾರ ಅವಳು ನನ್ನ ಬಾಗಿಲಿಗೆ ಬಂದಳು. ಜಗಳಕ್ಕೇ ಅಂದುಕೊಂಡು ಪೊರಕೆ ಕೈಗೆ ತೆಗೆದುಕೊಂಡೆ. ‘ಬೈಬೇಡಿ ಅಕ್ಕ, ಒಂದು ಮಾತು ಕೇಳ್ಬೇಕು. ಗೋಡೆ ಎರಡೂ ಸಮ ಇಲ್ಲ ಅಲ್ವಾ?’ ಅಂದಳು. ಮೊದಲ ವಾರವೇ ನಿನಗೆ ಹೇಳಿದ್ದಳಂತೆ. ‘ಒಂದು ಗೆರೆ ಸಾಕು, ಮೇಲೆ ನಾನು ನೋಡ್ಕೋತೀನಿ, ಇಷ್ಟು ವರ್ಷ ಹಾಗೇ ಮಾಡಿದ್ದು’ ಅಂದೆಯಂತೆ. ‘ಇಷ್ಟು ವರ್ಷ ಹಾಗೇ ಮಾಡಿದ್ರಾ ಅಕ್ಕ?’ ಅಂತ ನನ್ನನ್ನು ಕೇಳಿದಳು.

ತಪ್ಪು ಅವಳದಾಗಿದ್ದಿದ್ದರೆ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು. ನಾನು ವರ್ಷಗಟ್ಟಲೆ ಮಂಡಿ ಸವೆಸಿ ಕಂಡುಕೊಂಡದ್ದನ್ನು ಅವಳು ವಾರದಲ್ಲಿ ಕಂಡಿದ್ದಳು. ಬೆಂಕಿ ಬಿದ್ದದ್ದು ಅಲ್ಲಿ.

ನೇರವಾಗಿಯೇ ಕೇಳಿದೆ, ‘ಅವನ ಮನೇಲೇ ಊಟವಂತೆ?’ ‘ಹೂಂ ಅಕ್ಕ, ಅಡುಗೆ ಮಾಡೋಳೂ ನಾನೇ, ಪಾತ್ರೆ ತಿಕ್ಕೋಳೂ ನಾನೇ. ಫಲಕದಲ್ಲಿ ನನ್ನ ಹೆಸರು ಹಾಕಿಸ್ತೀರಾ ಅಂದ್ರೆ, ನೀನಿನ್ನೂ ಕಲೀತಾ ಇದೀಯಲ್ಲ ಅಂತಾರೆ.’ ಪೊರಕೆ ಕೆಳಗಿಟ್ಟೆ. ನನಗೆ ಹೇಳುತ್ತಿದ್ದದ್ದೂ ಅದೇ ಮಾತು, ಅದೇ ರಾಗ. ಕೊನೇಪಕ್ಷ ಸುಳ್ಳನ್ನಾದರೂ ಹೊಸದು ಹುಟ್ಟಿಸಲಾಗದೇನಯ್ಯ ನಿನಗೆ?

ಇವತ್ತು ಬೆಳಿಗ್ಗೆ ನಾವಿಬ್ಬರೂ ಪಾದ್ರಿಗಳ ಹತ್ತಿರ ಹೋಗಿ, ಚರ್ಚಿನ ಎರಡೂ ತುದಿಯಲ್ಲಿ ಅವರ ಕೈಯಿಂದಲೇ ಕೋಲು ಇಡಿಸಿ ತೋರಿಸಿದೆವು. ಶನಿವಾರ ಏನನ್ನೂ ಏರಿಸುವುದು ಬೇಡ ಅಂದಿದ್ದಾರೆ. ಅವರು ನಿನ್ನನ್ನು ಕರೆಸುವ ಮೊದಲು ನನ್ನಿಂದಲೇ ಗೊತ್ತಾಗಲಿ ಅಂತ ಬರೆದೆ. ಸೋಮವಾರದಿಂದ ಶೆಡ್ಡಿನಲ್ಲಿ ನಾವಿಬ್ಬರೂ ಗೆರೆ ಹಾಕುತ್ತೇವೆ, ಐದಕ್ಕೆ ಐದು. ಕಚ್ಚು ಕೊಯ್ಯುವುದರಲ್ಲಿ ನಿನ್ನಂಥ ಕೈ ಇನ್ನೊಂದಿಲ್ಲ, ಅದರಲ್ಲಿ ಸುಳ್ಳು ಹೇಳಲಾರೆ. ಬರುವುದಾದರೆ ಬಾ. ಬರದಿದ್ದರೆ ಬೇರೆ ಬಡಗಿ ಸಿಗುತ್ತಾನೆ.

ಇಂತಿ,
ಯಾರ ಹೆಂಡತಿ ಎಂದೂ ಇನ್ನು ಬರೆದುಕೊಳ್ಳದ
ಗೆರೆಯವಳು

ತಾ.ಕ.: ಗೋಡೆ ಅಳೆಯಲು ಅವಳು ಮೇಲೆ ಏರಿದ್ದಳಂತೆ, ನೀನೇ ಏಣಿ ಹಿಡಿದೆಯಂತೆ. ನಾಲ್ಕು ಚಾವಣಿ ಬರೆದ ನನ್ನನ್ನು ಒಂದು ಸಲವೂ ಮೇಲೆ ಹತ್ತಿಸಲಿಲ್ಲ ನೀನು, ಹೆಂಗಸರಿಗೆ ತಲೆ ಸುತ್ತುತ್ತೆ ಅಂದೆ. ಅವಳೀಗ ನನ್ನ ಮನೆಯ ಒಳಕೋಣೆಯಲ್ಲೇ ಇದ್ದಾಳೆ. ನನ್ನ ಗೆರೆ ಹೋಗಿ ಕೂರುವ ಆ ಎತ್ತರ, ಅಲ್ಲಿ ನಿಂತಾಗ ಹೇಗೆ ಕಾಣುತ್ತದೆ ಅಂತ ಒಂದು ಮಾತು ಕೇಳಿದರೆ ಹೇಳಿಯಾಳು. ಕೇಳಲು ನನಗೆ ಬಾಯಿ ಬರುತ್ತಿಲ್ಲ.