ಚಿನ್ನಿ ಕೂರಬೇಕಿದ್ದ ಕುರ್ಚಿ

ಗುರುವಾರ, ಬೆಳಗ್ಗೆ

ನನ್ನ ಮುದ್ದಿನ ದೊಡ್ಡಮ್ಮನಿಗೆ,

ಮೊದಲು ಕುಳಿತುಕೋ. ಓದಿ ಮುಗಿಸುವವರೆಗೂ ಅಮ್ಮನಿಗೆ ಫೋನ್ ಮಾಡಬೇಡ. ಎದುರಿಗೇ ಹೇಳೋಣವೆಂದು ನಿನ್ನೆ ನಿಮ್ಮ ಮನೆ ಬಾಗಿಲವರೆಗೂ ಬಂದಿದ್ದೆ. ಒಳಗೆ ಚಿನ್ನಿ ನರಳುವುದು ಕೇಳಿಸಿತು. ಬಾಲ ಮುದುರಿಕೊಂಡು ವಾಪಸಾದೆ.

ಸರ್ಕಾರಿ ಹಲ್ಲಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ನೀನು ಮೊನ್ನೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದೆಯಂತೆ. ಹೋದ ವರ್ಷ ಹಲ್ಲೆಲ್ಲ ಗಟ್ಟಿಯಾಗಿದೆ ಅಂದೋರು ಈಗ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿದೆ ಅಂತೀರಲ್ಲ, ಬಿಟ್ಟಿ ಅಂತ ಕಣ್ಣು ಮುಚ್ಕೊಂಡು ನೋಡಿದ್ರಾ ಅಂತ ಕೇಳಿದೆಯಂತೆ. ನಮ್ಮನೆ ಮಕ್ಕಳು ಇನ್ನು ಈ ಮೆಟ್ಟಿಲು ಹತ್ತಲ್ಲ ಅಂತ ಚಿನ್ನಿಯನ್ನು ಎಳೆದುಕೊಂಡು ಬಂದೆಯಂತೆ. ಅಮ್ಮ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರೆ ನಾನು ಊಟ ಬಿಟ್ಟು ಎದ್ದೆ.

ದೊಡ್ಡಮ್ಮ, ಆ ಡಾಕ್ಟರಮ್ಮ ಹೋದ ವರ್ಷ ಚಿನ್ನಿಯ ಹಲ್ಲು ನೋಡಿಯೇ ಇಲ್ಲ. ನಿನ್ನ ಮಗಳ ಹೆಸರಿನಲ್ಲಿ ಬಾಯಿ ತೆರೆದು ಕೂತಿದ್ದವಳು ನಾನು.

ಅವತ್ತು ಶಾಲೆಯಿಂದ ನಮ್ಮ ತರಗತಿಯನ್ನೆಲ್ಲ ತಪಾಸಣೆಗೆ ಕರೆದುಕೊಂಡು ಹೋಗಿದ್ದರು. ಎಮ್ಮೆಯಂತೆ ಬೆಳೆದ ನಾವೆಲ್ಲ ಮಕ್ಕಳ ವಿಭಾಗದಲ್ಲಿ ಮೊಲದ ಚಿತ್ರ ಅಂಟಿಸಿದ ಪುಟ್ಟ ಬೆಂಚುಗಳ ಮೇಲೆ ಮಂಡಿ ಮಡಚಿ ಕೂತಿದ್ದೆವು. ಒಳಗಿನಿಂದ ಯಂತ್ರದ ಸದ್ದು ಬಂದಾಗಲೆಲ್ಲ ಚಿನ್ನಿ ನನ್ನ ಕೈ ಚಿವುಟುತ್ತಿದ್ದಳು. ನನ್ನನ್ನು ಮೊದಲ ಕೋಣೆಯಲ್ಲಿ ನೋಡಿ ಕಳಿಸಿಯಾಗಿತ್ತು. ಅವಳ ಹೆಸರು ಕೂಗಿದ್ದು ಎರಡನೆಯ ಕೋಣೆಯಿಂದ. ಅಲ್ಲಿ ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಅವಳು ಹೆದರಿದ್ದಳು, ಅದಕ್ಕೇ ನಾನು ಹೋದೆ. ಡಾಕ್ಟರಮ್ಮ ಒಂದೊಂದೇ ಹಲ್ಲನ್ನು ತಟ್ಟಿ ನೋಡಿದರು, ಭಯ ಆದ್ರೆ ಕೈ ಎತ್ತು ಪುಟ್ಟಾ ಅಂದರು. ಹೊರಗೆ ಬಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಚಿನ್ನಿ ನಗಲಿಲ್ಲ.

ಆಮೇಲೆ ನೋವು ಶುರುವಾದಾಗ, ಆಸ್ಪತ್ರೆಗೆ ಹೋಗೋಣವೇನೇ ಎಂದು ಅವಳೇ ಕೇಳಿದಳು. ಹೋದರೆ ಗುಟ್ಟು ರಟ್ಟಾಗುತ್ತೆ, ಇನ್ನೊಂದು ಕಡೆ ಅಗಿ ಎಂದೆ. ಆಗಲೇ ಹೋಗಿದ್ದರೆ ತೂತು ಮುಚ್ಚಿ ಕಳಿಸುತ್ತಿದ್ದರು. ಈಗ ಹಲ್ಲೇ ಉಳಿಯುವುದಿಲ್ಲವೇನೋ. ಅಷ್ಟಾದರೂ ನನ್ನನ್ನು ಬಿಟ್ಟುಕೊಡದೆ ಬಾಯಿ ಮುಚ್ಚಿಕೊಂಡಿದ್ದಾಳಲ್ಲ, ನೆನೆದರೆ ಅಳು ಬರುತ್ತದೆ.

ಕೆನ್ನೆ ಊದಿಕೊಂಡು ಜ್ವರವೂ ಬಂದಿದೆಯಂತೆ. ಲವಂಗ, ಮಾತ್ರೆ ಅಂತ ಇನ್ನು ಕಾಯಬೇಡ. ಡಾಕ್ಟರಮ್ಮನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೋ, ಆದರೆ ಈಗಲೇ ಅವಳನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ನಾನು ಅಲ್ಲಿಗೇ ಹೋಗುತ್ತಿದ್ದೇನೆ. ನೀವು ಬರುವಷ್ಟರಲ್ಲಿ ಡಾಕ್ಟರಮ್ಮನಿಗೆ ಎಲ್ಲ ಹೇಳಿರುತ್ತೇನೆ.

ಬೈಸಿಕೊಳ್ಳಲು ತಯಾರಾಗಿರುವ,
ನಿನ್ನ ತಂಗಿಯ ಮಗಳು

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಹೆಸರು ಕೂಗಿದಾಗ ಚಿನ್ನಿ ಎದ್ದು ನಿಂತಿದ್ದಳು. ನಾನೇ ಹೋಗ್ತೀನಿ ಬಿಡೇ ಅಂದಳು. ಹೆಗಲು ಅದುಮಿ ಕೂರಿಸಿದವಳು ನಾನು. ಓದಿನಲ್ಲಿ, ಓಟದಲ್ಲಿ, ಎಲ್ಲದರಲ್ಲೂ ಅವಳೇ ಮುಂದೆ. ಅವಳು ಹೆದರಿ ನಾನು ಹೆದರದ ಜಾಗ ಅದೊಂದೇ ಸಿಕ್ಕಿತ್ತು, ದೊಡ್ಡಮ್ಮ.