ಮಜ್ಜಿಗೆ ಕೊಟ್ಟ ಮನೆ

ಆಸ್ಟಿನ್
ನವೆಂಬರ್ 16, ಭಾನುವಾರ

ಅಮ್ಮನಿಗೆ ಸುಪ್ರಜಾಳ ನಮಸ್ಕಾರ.

ಕಾಗದ ತಡವಾಯಿತು, ಬೈಯಬೇಡ. ಮಿಡ್‌ಟರ್ಮ್ ಇತ್ತು ಎಂದರೆ ನೀನು ನಂಬುತ್ತೀಯ, ಆದರೆ ಅದು ಕಾರಣವಲ್ಲ. ಫೋನಿನಲ್ಲಿ ನೀನು ಊಟ ಆಯಿತಾ ಎನ್ನುತ್ತೀಯ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಳಿನಿ ಚಿಕ್ಕಮ್ಮ ನಿನ್ನ ಫೋನ್ ಯಾಕೆ ಎತ್ತುತ್ತಿಲ್ಲ ಎಂದು ಮತ್ತೆ ಮತ್ತೆ ಕೇಳಿದೆಯಲ್ಲ, ಅದನ್ನು ಬರೆದೇ ಹೇಳಬೇಕು. ಸ್ಕೂಲಿನ ಹಾಸ್ಟೆಲ್ಲಿನಲ್ಲಿ ವಾರ್ಡನ್ ಮಿಸ್ ಓದಿದ ಮೇಲೆಯೇ ನಮ್ಮ ಕಾಗದಗಳು ಪೋಸ್ಟ್ ಆಗುತ್ತಿದ್ದವು. ಹಾಗಾಗಿ 'ನಾನು ಚೆನ್ನಾಗಿದ್ದೇನೆ' ಎಂಬುದನ್ನು ಬಿಟ್ಟು ಬೇರೇನೂ ಬರೆದು ನನಗೆ ಅಭ್ಯಾಸವಿಲ್ಲ. ನನ್ನ ಕನ್ನಡವನ್ನು ಸ್ವಲ್ಪ ಅಡ್ಜಸ್ಟ್ ಮಾಡಿಕೊ.

ಚಿಕ್ಕಮ್ಮನ ಊರು ಫುಲ್‌ಶೀರ್ ದಾಟಿ ಮುಂದೆ ಇದೆ. ಸಣ್ಣ ಊರು. ಅದರ ಮೂಲಕ ದೊಡ್ಡ ಟೋಲ್ ರಸ್ತೆ ಬರುತ್ತದೆ, ಮನೆಗಳು ಹೋಗುತ್ತವೆ ಎಂದು ನಾನು ಆಗಸ್ಟಿನಲ್ಲಿ ಬರುವ ಮೊದಲೇ ಸುದ್ದಿಯಿತ್ತು. ರಸ್ತೆಯವರು ಎರಡು ನಕ್ಷೆ ಇಟ್ಟುಕೊಂಡಿದ್ದರು, ಒಂದು ಊರಿನ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ಚಿಕ್ಕಮ್ಮನ ಮನೆಯ ಕಡೆಗೆ. ಯಾವುದನ್ನು ಆರಿಸಬೇಕಾದರೂ ಮೊದಲು ಹಿತ್ತಿಲುಗಳನ್ನು ಅಳೆಯಬೇಕು. ಊರಿನವರು ಸರ್ವೆಯವರನ್ನು ಒಳಗೇ ಬಿಡಲಿಲ್ಲ. ಗೇಟಿಗೆ ಬೀಗ, ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರು ಅವರ ಮೈಮೇಲೆ. ಚಿಕ್ಕಮ್ಮನ ಎದುರುಮನೆಯ ಮಿಸ್ ಡೋರಿಸ್‌ಗೆ ಎಪ್ಪತ್ತು ದಾಟಿದೆ. ಅವರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ನೀರಿನ ಪೈಪು ತೊಡೆಯ ಮೇಲಿಟ್ಟುಕೊಂಡು ದಿನವೆಲ್ಲ ಕೂತಿರುತ್ತಿದ್ದರು.

ಆ ಸರ್ವೆಯವರು ಚಿಕ್ಕಮ್ಮನ ಬಾಗಿಲಿಗೂ ಬಂದರು. ನಾನು ಅಲ್ಲೇ ಇದ್ದೆ. ಬಿಸಿಲಿಗೆ ಕೆಂಪೇರಿದ ಅವರ ಮುಖವನ್ನು ಚಿಕ್ಕಮ್ಮ ನೋಡಿದಳು, ಒಳಗೆ ಹೋದಳು, ಶುಂಠಿ ಕೊತ್ತಂಬರಿ ಹಾಕಿದ ಮಜ್ಜಿಗೆಯನ್ನು ಟ್ರೇಯಲ್ಲಿ ತಂದಳು. ಜೊತೆಗೆ ಕೋಡುಬಳೆ. ಹಿತ್ತಿಲಿಗೆ ಹೋಗಬಹುದಾ ಎಂದು ಅವರು ಕೇಳಿದಾಗ ಅವಳು ಹೂಂ ಎಂದು ತಲೆ ಆಡಿಸಿದಳು. ಕರಿಬೇವಿನ ಗಿಡದ ಪಕ್ಕ ಗುಲಾಬಿ ರಿಬ್ಬನ್ ಕಟ್ಟಿದ ಅಳತೆಯ ಗೂಟಗಳು ನಿಂತವು. ಅದನ್ನು ನೋಡಿ ಆಚೀಚೆಯ ಮೂರು ಮನೆಯ ನಮ್ಮವರೂ ಸರ್ವೆಯವರನ್ನು ಒಳಗೆ ಬಿಟ್ಟರು.

"ಯಾಕೆ ಬಿಟ್ರಿ ಚಿಕ್ಕಮ್ಮ?" ಎಂದೆ.

"ಮನೆಗೆ ಬಂದೋರಿಗೆ ಆಗಲ್ಲ ಹೋಗಿ ಅನ್ನೋಕಾಗತ್ತೇನೆ? ಅಳೆಯೋದ್ರಿಂದ ಏನಾಗತ್ತೆ, ಅಳ್ಕೊಂಡು ಹೋಗ್ಲಿ ಪಾಪ."

ನನಗೆ ನಗು ಬಂದಿತ್ತು. ಬಸ್ಸಿನಲ್ಲಿ ಆಸ್ಟಿನ್ನಿಗೆ ವಾಪಸ್ ಬರುವಾಗಲೂ ಒಬ್ಬಳೇ ನಗುತ್ತಿದ್ದೆ.

ಅಕ್ಟೋಬರಿನಲ್ಲಿ ಮಿಸ್ ಡೋರಿಸ್ ನನ್ನ ಸ್ಕೆಚ್‌ಬುಕ್ ನೋಡಿ, ಊರಿನ ಹೋರಾಟಕ್ಕೆ ಒಂದು ಕಾರ್ಟೂನ್ ಬರೆದುಕೊಡು ಮಗು, ನಗಿಸುವ ಹಾಗಿರಲಿ, ಸಿಟ್ಟಿನ ಬೋರ್ಡನ್ನು ಯಾರೂ ಓದುವುದಿಲ್ಲ ಎಂದರು. ಅಮ್ಮ, ಇಲ್ಲಿ ಕ್ಲಾಸಿನಲ್ಲಿ ನನ್ನ ಹೆಸರು ಸರಿಯಾಗಿ ಹೇಳುವವರೇ ಇಲ್ಲ. ಒಂದು ಇಡೀ ಊರು ನನ್ನನ್ನು ಕೇಳಿತು. ಊಟ ಬಿಟ್ಟು ಬರೆದೆ. ಮನೆಗಳಿಗೆಲ್ಲ ಕಾಲು ಮೂಡಿವೆ, ಮಾಡುಗಳನ್ನು ಕೌಬಾಯ್ ಟೋಪಿಯ ಹಾಗೆ ಹಾಕಿಕೊಂಡು ಕೈ ಕೈ ಹಿಡಿದು ರೋಡ್ ರೋಲರಿಗೆ ಅಡ್ಡ ನಿಂತಿವೆ. ಕೊನೆಯಲ್ಲಿ ಒಂದೇ ಒಂದು ಮನೆ ಸಾಲು ಬಿಟ್ಟು ಬಂದು, ಬಗ್ಗಿ, ರೋಲರ್ ಓಡಿಸುವವನಿಗೆ ಟ್ರೇ ಹಿಡಿದಿದೆ. 'ಇನ್ನೊಂದು ಲೋಟ?' ಎನ್ನುತ್ತಿದೆ. ಬಾಗಿಲಿಗೆ ತೋರಣ, ಮುಂದೆ ಚಪ್ಪಲಿಗಳ ಸಾಲು.

ಊರು ಬಿದ್ದು ಬಿದ್ದು ನಕ್ಕಿತು. ಅದು ಸಿಗ್ನಲ್ಲಿನ ಹತ್ತಿರ ದೊಡ್ಡ ಬೋರ್ಡಾಯಿತು, ಆಮೇಲೆ ಟೀಶರ್ಟಾಯಿತು. ಚಿಕ್ಕಮ್ಮನೂ ಒಂದನ್ನು ಕೊಂಡು ಚೂಡಿದಾರದ ಮೇಲೆ ಹಾಕಿಕೊಂಡು ರಸ್ತೆಯವರು ಕರೆದ ಸಭೆಗೆ ಬಂದಳು. ನಮ್ಮ ಹುಡುಗಿ ಬರೆದದ್ದು ಎಂದು ಪಕ್ಕದವರಿಗೆಲ್ಲ ತೋರಿಸಿದಳು.

ಆ ಸಭೆಯಲ್ಲಿ ರಸ್ತೆಯ ಆಫೀಸರು ಬಹಳ ಮರ್ಯಾದೆಯಿಂದ ಮಾತಾಡಿದರು. ಪಶ್ಚಿಮದ ಕಡೆಯ ನಿವಾಸಿಗಳು ಸಹಕಾರ ಕೊಟ್ಟಿದ್ದಾರೆ, ಅಲ್ಲಿ ಅಳತೆ ಪೂರ್ತಿಯಾಗಿದೆ, ಆದ್ದರಿಂದ ಪಶ್ಚಿಮದ ದಾರಿಯನ್ನೇ ತೆಗೆದುಕೊಳ್ಳುತ್ತೇವೆ, ಹೋಗುವುದು ನಾಲ್ಕೇ ಮನೆ ಎಂದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಜನ ಎದ್ದು ಚಪ್ಪಾಳೆ ತಟ್ಟಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ, "ಪುಣ್ಯಕ್ಕೆ ಆ ಟ್ರೇ ಮನೆ ಇತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಚಿಕ್ಕಮ್ಮ ತನ್ನ ಎದೆಯ ಮೇಲಿನ ಚಿತ್ರವನ್ನು ಬಗ್ಗಿ ನೋಡಿಕೊಂಡು ಮಗಳನ್ನು ಕೇಳಿದಳು, "ಸಿಯಾ, ಇದು ಯಾರ ಮನೆ ಪುಟ್ಟ?"

ಸಿಯಾಗೆ ಒಂಬತ್ತು ವರ್ಷ, ಅವಳಿಗೆ ಮುಚ್ಚಿಡಲು ಬರುವುದಿಲ್ಲ. "ದಟ್ಸ್ ಅಸ್, ಅಮ್ಮ. ಎವ್ರಿಬಡಿ ನೋಸ್."

ಮುಂದಿನ ಶನಿವಾರ ಊರಿನವರು ಗೆದ್ದ ಖುಷಿಗೆ ಪಾರ್ಕಿನಲ್ಲಿ ಬಾರ್ಬೆಕ್ಯೂ ಇಟ್ಟರು. ಚಿಕ್ಕಮ್ಮನನ್ನೂ ಕರೆದರು. ಅವಳು ಹೋದಳು. ಕರೆದ ಮೇಲೆ ಹೋಗದೆ ಇರುವುದು ಅವಳಿಗೆ ಗೊತ್ತಿಲ್ಲ. ಎಲ್ಲರ ಮೈಮೇಲೂ ನನ್ನ ಚಿತ್ರ. ಅವಳು ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ದುಪಟ್ಟಾದ ತುದಿ ಹಿಡಿದು ಮರದ ಕೆಳಗೆ ನಿಂತಿದ್ದಳು. ಮಿಸ್ ಡೋರಿಸ್ ಬಂದು ಅವಳ ಭುಜ ತಟ್ಟಿ, ನಿನಗೆ ಒಳ್ಳೆಯ ಬೆಲೆಯೇ ಸಿಗುತ್ತದೆ ಎಂದರು. ಚಿಕ್ಕಮ್ಮ ಥ್ಯಾಂಕ್ಯೂ ಎಂದಳು.

ಕಾರಿನಲ್ಲಿ ನಾನು ಸಾರಿ ಚಿಕ್ಕಮ್ಮ ಎಂದೆ. "ನೀನು ಬರೆದಿದ್ದು ಸುಳ್ಳಲ್ವಲ್ಲ ಬಿಡು. ನಾನು ಕೊಟ್ಟಿದ್ದೂ ಹೌದು, ಬಗ್ಗಿದ್ದೂ ಹೌದು," ಎಂದು ಕಿಟಕಿಯ ಕಡೆ ತಿರುಗಿದಳು. ಬದರಿನಾಥ ಚಿಕ್ಕಪ್ಪ ಡ್ರೈವ್ ಮಾಡುತ್ತಲೇ, "ರಸ್ತೆ ನಿನ್ನ ಚಿತ್ರದಿಂದ ಬರ್ಲಿಲ್ಲಮ್ಮ. ಆದ್ರೆ ಅವಳನ್ನ ನೋಡಿ ನಗೋಕೆ ಅವ್ರಿಗೊಂದು ನೆಪ ಬೇಕಿತ್ತು. ಅದನ್ನ ನಮ್ಮನೇಲಿ ಕೂತೇ ಬರ್ದೆ," ಎಂದರು. ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಬೇಸಿಗೆಯ ಹೊತ್ತಿಗೆ ಮನೆ ಖಾಲಿ ಮಾಡಬೇಕು. ದೂರದ ಮೆಕಿನ್ನಿ ಊರಿನ ಕಡೆ ಶಿಫ್ಟ್ ಆಗುವ ಮಾತಿದೆ, ಸಿಯಾ ಹೋಗಲ್ಲ ಎಂದು ಅಳುತ್ತಿದ್ದಾಳೆ. ನೀನು ಫೋನ್ ಮಾಡುತ್ತಿರು, ಒಂದಲ್ಲ ಒಂದು ದಿನ ಚಿಕ್ಕಮ್ಮ ಎತ್ತುತ್ತಾಳೆ. ನನ್ನ ವಿಷಯ ಎತ್ತಬೇಡ. ಕರಿಬೇವಿನ ಗಿಡವನ್ನು ಬೇರುಸಹಿತ ತೆಗೆದರೆ ಬದುಕುತ್ತದಾ, ನಿನಗೆ ಗೊತ್ತಿದ್ದರೆ ಅದನ್ನು ಹೇಳು.

ನಿನ್ನ ಬಿಪಿ ಮಾತ್ರೆ ಮರೆಯಬೇಡ. ಇಲ್ಲಿಂದಲೇ ಕಾಲಿಗೆ ಬೀಳುತ್ತೇನೆ, ನನ್ನ ತಲೆ ಮೇಲೆ ಕೈಯಿಟ್ಟೆ ಎಂದುಕೊ.

ನಿನ್ನ
ಸುಪ್ರಜಾ

ಮರೆತಿದ್ದು: ಮೊನ್ನೆ ಶುಕ್ರವಾರ ಹೋದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಎಷ್ಟು ದಿನ ರಜೆ?" ಎಂದು ಕೇಳಿದಳು. ಆಗಸ್ಟಿನಿಂದ ಅವಳು ಒಮ್ಮೆಯೂ ಹಾಗೆ ಕೇಳಿದವಳಲ್ಲ. ನಾನು ಬ್ಯಾಗನ್ನು ಕೆಳಗೆ ಇಡಲಿಲ್ಲ. ಅಮ್ಮ, ನಾನು ಹಾಸ್ಟೆಲ್ಲಿನಿಂದ ಬಂದಾಗಲೆಲ್ಲ ನಿನ್ನ ಮೊದಲ ಮಾತೂ ಅದೇ ಇರುತ್ತಿತ್ತು. ನಿನಗೆ ಟ್ರಾನ್ಸ್‌ಫರ್, ಡ್ಯೂಟಿ ಇತ್ತು, ನನಗೆ ಎಲ್ಲ ಗೊತ್ತು, ತಪ್ಪು ಎನ್ನುತ್ತಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಹಾಸ್ಟೆಲ್ ಮುಚ್ಚುತ್ತಾರೆ, ಟಿಕೆಟ್ ಸಿಕ್ಕರೆ ಬರುತ್ತೇನೆ. ಬಂದ ದಿನ ಮಾತ್ರ ಅದನ್ನು ಕೇಳಬೇಡ. ಮಾರನೆಯ ದಿನ ಕೇಳು, ಹೇಳುತ್ತೇನೆ.