ಹದಿನೇಳು ನೌಕರಿ, ಒಂದು ಕುರ್ಚಿ

ಗೋಪನಕೊಪ್ಪ, ಹುಬ್ಬಳ್ಳಿ
೧೭ ಮೇ ೨೦೨೫, ಶನಿವಾರ

ಪ್ರೀತಿಯ ಸುಹಾಸಿನಿಗೆ,

ನಿನ್ನ ರಾಹೇಲ ಮಾಡೂ ನಮಸ್ಕಾರ. ನಿನ್ನ ಪತ್ರ ಬಂದು ಎರಡು ತಿಂಗಳಾತು, ಉತ್ತರ ಬರದಿಲ್ಲ. ತಪ್ಪಾತು, ಬೈಯೂದಿದ್ರ ಬೈದುಬಿಡು. ಬರ್ಯಾಕ ಅಂತ ಮೂರು ಸಲ ಕುಂತೆ. ಒಮ್ಮೆ ಕರೆಂಟ್ ಹೋತು, ಒಮ್ಮೆ ಮಗಳು ಏಂಜೆಲಿನಾನ್ನ ನೋಡಾಕ ಬೀಗರು ಬಂದ್ರು, ಮೂರನೇ ಸಲ ನಮ್ಮವರು ನೌಕರಿ ಬಿಟ್ಟು ಮನಿಗೆ ಬಂದ್ರು. ಫೋನ್ ಮಾಡೂಣಂದ್ರ ನಿನಗ ಕೇಳಸೂದಿಲ್ಲ. ವಾಟ್ಸಾಪಿನ್ಯಾಗ ಬರ್ಯೂಣಂದ್ರ ನನ್ನ ಸಿಟ್ಟು ಅದರಾಗ ಹಿಡಿಸೂದಿಲ್ಲ. ವಿಜಾಪುರದ ಬಿಸಲು ಹೆಂಗೈತಿ? ಮೊಣಕಾಲು ಹೆಂಗದಾವ? ನಿನ್ನ ಮಗಳು ಹೇಳಿದ್ಲು, ಕಿವಿ ಮಷೀನ್ ತಂದುಕೊಟ್ರೂ ನೀ ಅದನ್ನ ಕಪಾಟಿನ್ಯಾಗ ಇಟ್ಟೀಯಂತ, ಹಾಕ್ಕೊಂಡ್ರ ಕಿರಿಕಿರಿ ಆಗತೈತಿ ಅಂತೀಯಂತ. ಕಿರಿಕಿರಿ ಅಂದ್ರ ಏನು ಅಂತ ನಾ ಹೇಳತೇನಿ, ಓದು.

ಹೌದು, ಮತ್ತ ಬಿಟ್ಟಾರ. ಇದು ಹದಿನೇಳನೇದು. ನೀ ಇಲ್ಲೆ ಇದ್ದಾಗ ಹನ್ನೊಂದರ ತನಾ ನಿನಗ ಗೊತ್ತಿತ್ತು, ಆಮ್ಯಾಲಿಂದು ನಿನಗ ಬರದು ಬರದು ನನಗ ನಾಚಿಕಿ ಬಂದು ಬಿಟ್ಟುಬಿಟ್ಟೆ. ಈ ಸಲದ್ದು ಅಮರಗೋಳದ ಕಡೆ ಒಂದು ಕಿರಾಣಿ ಗೋದಾಮು. ಸೂಪರ್‌ವೈಸರ್ ಕೆಲಸ. ಎರಡು ವರ್ಷ ಒಂದು ತಿಂಗಳು ನಡದಿತ್ತು. ಇವರಿಗೆ ಅಷ್ಟು ದಿನ ಅಂದ್ರ ಮಂದಿಗೆ ಇಪ್ಪತ್ತು ವರ್ಷ ಇದ್ದಂಗ. ಅಂತೂ ದೇವರು ಕಣ್ಣು ತೆರದ ಅಂತ ನಾನೂ ಸಮಾಧಾನದಿಂದ ಇದ್ದೆ.

ಮಂಗಳವಾರ ಏನಾತು ಅಂದ್ರ, ಮಾಲಕನ ಮಗ ಅಲ್ಲಿಯ ಹಮಾಲ ಹುಸೇನಬಾಷಾನ್ನ 'ಲೇ' ಅಂತ ಕರದನಂತ. ಹುಸೇನಬಾಷಾಗ ಅರವತ್ತು ದಾಟೇತಿ. ನಮ್ಮವರು, ನಿಮ್ಮಪ್ಪನಗಿಂತ ದೊಡ್ಡವ್ರು ಅದಾರ, 'ರೀ' ಅನ್ನು ಅಂದ್ರಂತ. ಅಂವ, ನಿಮ್ಮ ಕೆಲಸ ನೀವು ನೋಡ್ಕೋರಿ ಅಂದನಂತ. ಇವರು ಕೀಲಿಕೈ ಗೊಂಚಲು ಟೇಬಲ್ ಮ್ಯಾಲೆ ಇಟ್ಟು ಬಂದುಬಿಟ್ರು. ಮರುದಿನ ಮುಂಜಾನೆ ಆ ಹುಸೇನಬಾಷಾ ನಮ್ಮ ಮನಿಗೆ ಬಂದ. ಸಾಹೇಬ್ರ, ನೀವ್ಯಾಕ ಬಿಟ್ರಿ, ಅಂವ ಲೇ ಅಂದ್ರ ನನ್ನ ಕಿವ್ಯಾಗ ಹೋಗೂದ ಇಲ್ರಿ ಅಂದ, ಚಹಾ ಕುಡದ, ಎದ್ದು ಅದ ಗೋದಾಮಿಗೆ ಡ್ಯೂಟಿಗೆ ಹೋದ. ಅಂವನ್ನ ಬಾಗಲಕ್ಕ ಕಳಿಸಿ ಬಂದು ಇವರು ಪೇಪರ್ ಬಿಚ್ಚಿಕೊಂಡು ಕುಂತ್ರು.

ತಪ್ಪು ಇವರದಲ್ಲ. ಅದ ನೋಡು ನನ್ನ ತ್ರಾಸು. ಹದಿನೇಳು ಸಲಾನೂ ತಪ್ಪು ಇವರದಲ್ಲ. ಕುಡದು ಬಿಟ್ಟಿದ್ರ, ಇಸ್ಪೇಟ್ ಆಡಿ ಬಿಟ್ಟಿದ್ರ, ನಾನೂ ಓಣ್ಯಾಗ ನಿಂತು ನಾಲ್ಕು ಮಂದಿ ಮುಂದ ಬೈತಿದ್ದೆ, ನನ್ನ ಹೊಟ್ಟ್ಯಾಗಿನ ಉರಿನಾದ್ರೂ ಆರತಿತ್ತು. ಇವರಿಗೆ ಬೈಯಾಕ ಹೋದ್ರ ನಾನ ಕೆಟ್ಟಾಕಿ ಆಗತೇನಿ. ಚರ್ಚಿನ್ಯಾಗ ಎಲ್ಲಾರೂ, ನಿಮ್ಮ ಸೈಮನ್ ಅವರು ಭಾಳ ಸ್ವಾಭಿಮಾನಿ ಮನಶಾರ್ರಿ ಅಂತಾರ. ಹೌದ್ರಿ, ಅವರ ಸ್ವಾಭಿಮಾನಕ್ಕ ಮೂವತ್ತೆರಡು ವರ್ಷದಿಂದ ಅನ್ನ ಬೇಯಿಸಿ ಹಾಕಾಕತ್ತಾಕಿ ನಾನ ಅಂತ ಬಾಯಿತನಾ ಬರತೈತಿ, ನುಂಗತೇನಿ.

ಈ ಸಲ ಯಾಕ ಇಷ್ಟು ಉರಿ ಅಂತ ಕೇಳು. ಇದ ಮೂವತ್ತೊಂದಕ್ಕ ನಂದು ರಿಟೈರ್ ಐತಿ. ಸಾಲಿ ಆಫೀಸಿನ ಅದ ಕುರ್ಚಿ, ಅದ ಕಿಡಕಿ, ಅದ ದಾಖಲಾತಿ ರಜಿಸ್ಟರ. ನಾ ಹೆಸರು ಹಚ್ಚಿದ ಹುಡುಗ್ಯಾರ ಮಕ್ಕಳ ಹೆಸರೂ ನಾನ ಹಚ್ಚೇನಿ. ಇನ್ನ ಸಾಕು ಅಂತ ಕುಂತಿದ್ದೆ. ಜನವರ್ಯಾಗ ಸಾಲಿ ಗ್ಯಾದರಿಂಗ್ ದಿನ ಬಹುಮಾನದ ಹೆಸರು ಓದಾವ್ರು ಬರಲಿಲ್ಲ, ನಾ ಮೈಕಿನ್ಯಾಗ ಓದಿದೆ. ಅಷ್ಟ. ಮುಗದ ಮ್ಯಾಲೆ ಒಬ್ಬ ಹುಡುಗನ ತಾಯಿ ನನ್ನ ಹುಡಿಕ್ಕೊಂಡು ಬಂದ್ಲು, ಅಲ್ಫಿಯಾ ಅಂತ. ಕಣ್ಣು ಕಾಣದ ಮಕ್ಕಳಿಗೆ ಸಾಲಿ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡೂ ಒಂದು ಸಂಸ್ಥಾದಾಗ ಇರತಾಳ. ಆಂಟಿ, ನಿಮ್ಮ ದನಿ ನಮಗ ಬೇಕ್ರಿ ಅಂದ್ಲು. ಹೋಗಿ ಬಂದೆ. ಸಣ್ಣ ಖೋಲಿ, ಗ್ವಾಡಿ ತುಂಬ ಗಾದಿಯಂಥದ್ದು ಬಡದಾರ, ನಡುವ ಮೈಕು. ಏಳನೇ ಕ್ಲಾಸಿನ ಸಮಾಜ ಪುಸ್ತಕದ ಒಂದು ಪಾಠ ಓದಿಸಿದ್ರು. ಒಂದ ಸಲಕ್ಕ ಓದಿ ಮುಗಸಿದೆ, ಎಲ್ಲೂ ತಡವರಿಸಲಿಲ್ಲ. ವಾರದಾಗ ಮೂರು ದಿನ, ಪಗಾರ ಅನ್ನೂವಷ್ಟು ಪಗಾರ ಇಲ್ಲ. ಖೋಲಿಯಿಂದ ಹೊರಗ ಬಂದು ಬಸ್ಸಿನ ತನಾ ಅದ ಪಾಠ ಬಾಯಾಗ ಅನ್ಕೋತ ಹೋದೆ ಸುಹಾಸಿನಿ, ಖುಷಿಗೆ. ಜೂನ್ ಎರಡರಿಂದ ಬರ್ತೇನಿ ಅಂತ ಮನಸಿನ್ಯಾಗ ಅಂದುಕೊಂಡೆ, ಇವರ ಗೋದಾಮಿನ ಮ್ಯಾಲೆ ಭಾರ ಹಾಕಿ.

ಇನ್ನ ಬೀಗರ ಸುದ್ದಿ ಕೇಳು. ಹೋದ ಐತವಾರ ಬಂದಿದ್ರು. ಹುಡುಗ ಪ್ರೇಮ್, ನಮ್ಮ ಏಂಜೆಲಿನಾನ ಜೋಡಿ ಚರ್ಚಿನ್ಯಾಗ ಹಾಡತಾನ, ಅವರಿಬ್ಬರದು ಎಂದೋ ಆಗಿಬಿಟ್ಟೈತಿ, ನಾವು ಸುಮ್ಮ ಹೌದು ಅನ್ನಾಕ ಕೂಡಿದ್ದು. ಅವರಪ್ಪ ಆಲ್ಬರ್ಟ್ ಅಂತ, ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತೆಂಟು ವರ್ಷ ದುಡದು ರಿಟೈರ್ ಆಗ್ಯಾರ. ಮರ್ಯಾದಿಗೆ ಒಂದು ಮಾತು ಕೇಳಿದ್ರು, ತಾವು ಏನು ಕೆಲಸಾ ಮಾಡ್ತೀರಿ ಅಂತ. ಗೋದಾಮಿನ್ಯಾಗ ಸೂಪರ್‌ವೈಸರ್ ಅಂದ್ರ ಮುಗೀತಿತ್ತು. ಇವರು ಎಂಬತ್ನಾಲ್ಕನೇ ಇಸ್ವಿಯಿಂದ ಸುರು ಹಚ್ಚಿದ್ರು.

ಪ್ರೆಸ್ಸಿನ್ಯಾಗ ಅಕ್ಷರದ ಮೊಳೆ ಜೋಡಸೂದು, ಅಕ್ಷರ ಉಲ್ಟಾ ಓದೂದು ಹೆಂಗ ಅಂತ ಅಂಗೈ ಮ್ಯಾಲೆ ಬರದು ತೋರಿಸಿದ್ರು. ದುರ್ಗದಬೈಲಿನ ಸೀರಿ ಅಂಗಡ್ಯಾಗ ಗಿರಾಕಿಗೆ, ಈ ಬಣ್ಣ ಬಿಡತೈತ್ರಿ, ತಗೋಬ್ಯಾಡ್ರಿ ಅಂದದ್ದು. ಥೇಟರಿನ ಬಾಗಲಾಗ ತಿಕೀಟ ಹರಿಯೂದು. ವಿಮಾ ಏಜಂಟ್ ಆಗಿ, ನಿಮ್ಮ ಗಳಿಕಿಗೆ ಇಷ್ಟು ದೊಡ್ಡ ಪಾಲಿಸಿ ಬ್ಯಾಡ್ರಿ ಅಂತ ಮಂದಿಗೆ ಬುದ್ಧಿ ಹೇಳಿದ್ದು. ಆಟೋ, ಎಸ್‌ಟಿಡಿ ಬೂತು, ಆ್ಯಂಬುಲನ್ಸ್, ಅಪಾರ್ಟ್‌ಮೆಂಟಿನ ವಾಚಮನ್. ನಾ ಕಣ್ಣಿಲೆ ಸನ್ನಿ ಮಾಡಿದೆ, ಒಳಗ ಏಂಜೆಲಿನಾ ಕೆಮ್ಮಿದ್ಲು, ಬಾಂಡೆ ಬಡದ್ಲು. ಕೇಳಬೇಕಲ್ಲ. ಚಹಾದ ಮ್ಯಾಲೆ ಕೆನಿ ಕಟ್ಟಿತು. ಸಂಬಂಧ ಕೆಟ್ಟಹೋತು ಅಂತ ನಾ ಮನಸಿನ್ಯಾಗ ಪ್ರಾರ್ಥನಾ ಸುರು ಮಾಡಿದ್ದೆ.

ಆದ್ರ ಆ ಆಲ್ಬರ್ಟ್ ಅವರು ಬಾಯಿ ತಕ್ಕೊಂಡು ಕೇಳಾಕತ್ತಿದ್ರು. ನಾ ಮೂವತ್ತೆಂಟು ವರ್ಷ ಒಂದ ಗೇಟಿನ್ಯಾಗ ಹೋಗಿ ಒಂದ ಗೇಟಿನ್ಯಾಗ ಬಂದೇನ್ರಿ, ನೀವು ಊರೆಲ್ಲಾ ನೋಡಿ ಬಿಟ್ಟೀರಿ ಅಂದ್ರು. ಕಣ್ಣಾಗ ನೀರು ಬರೂದೊಂದು ಬಾಕಿ. ಆಮ್ಯಾಲೆ ನನ್ನ ಕಡೆ ತಿರಗಿ, ನೀವು, ಅಕ್ಕಾರ, ನೀವೆಲ್ಲೆಲ್ಲೆ ಮಾಡೀರಿ ಅಂತ ಕೇಳಿದ್ರು. ನಾ ಬಾಯಿ ತಗಿಯೂದರಾಗ ನಮ್ಮವರು ಹೇಳಿದ್ರು:

"ಅಕಿದೇನೈತ್ರಿ, ಒಂದ ಕುರ್ಚಿ, ಮೂವತ್ತೆರಡು ವರ್ಷ. ಅಕಿಗೆ ಅದ ಸೇರತೈತಿ."

ಎಲ್ಲಾರೂ ನಕ್ರು. ನಾನೂ ನಕ್ಕು ಚೂಡಾದ ತಾಟು ಮುಂದ ಸರಿಸಿದೆ. ಸಂಬಂಧ ಗಟ್ಟಿ ಆತು, ಕ್ರಿಸ್ಮಸ್ ಆದ ಮ್ಯಾಲೆ ಮದುವಿ.

ಮಂಗಳವಾರ ಇವರು ಗೋದಾಮು ಬಿಟ್ರು ಅಂದ್ನೆಲ್ಲ. ಬುಧವಾರ ನಮ್ಮ ಹೆಡ್‌ಮಿಸ್ಟ್ರೆಸ್ ಮಾಯಾ ಮೇಡಮ್ ನನ್ನ ಒಳಗ ಕರದ್ರು. ರಾಹೇಲಮ್ಮಾರ, ನಿಮ್ಮಂಗ ಕೆಲಸಾ ಗೊತ್ತಿದ್ದವ್ರು ಯಾರೂ ಇಲ್ರಿ, ಇನ್ನೊಂದು ವರ್ಷ ಮುಂದುವರೀರಿ, ಕಮಿಟಿಯವರು ಒಪ್ಯಾರ, ಆದ್ರ ಬ್ಯಾರೆ ಎಲ್ಲೂ ಕೆಲಸಾ ಮಾಡೂವಂಗಿಲ್ಲ, ಶುಕ್ರವಾರ ಬರದು ಕೊಡ್ರಿ ಅಂದ್ರು. ಮನಿಗೆ ಬಂದು ಇವರಿಗೆ ಹೇಳಿದೆ. ಅಲ್ಫಿಯಾನ ಖೋಲಿ ಬಗ್ಗೆನೂ ಹೇಳಿದೆ. ಇವರು ಪೇಪರ್ ಮಡಚದನ, ಕುರ್ಚಿ ಬಿಡಬ್ಯಾಡ, ಒಂದು ವರ್ಷ ಅಂದ್ರ ಹಿಂಗ ಹೋಗತೈತಿ, ಅಷ್ಟರಾಗ ನಂದೊಂದು ಆಗತೈತಿ, ಆ ಓದೂದು ಎಲ್ಲಿ ಓಡಿ ಹೋಗತೈತಿ ಅಂದ್ರು.

ಎಲ್ಲಿ ಓಡಿ ಹೋಗತೈತಿ. ಇದ ಮಾತು, ಇದ ದನಿ, ನಾ ಮೊದಲೂ ಕೇಳೇನಿ. ಈಗ ನಿನಗ ಒಂದು ಖರೇ ಹೇಳಬೇಕು.

ತೊಂಬತ್ತೇಳರಾಗ ನಾವಿಬ್ಬರೂ ಧಾರವಾಡಕ್ಕ ಹೋಗಿ ಆಕಾಶವಾಣ್ಯಾಗ ದನಿ ಪರೀಕ್ಷಾ ಕೊಟ್ಟು ಬಂದ್ವಿ. ಬಸ್ಸಿನ್ಯಾಗ ನಿಂತು, ನಿನ್ನ ನೀಲಿ ಛತ್ರಿ ಮರತು ಬಂದ್ವಿ, ನೆನಪೈತಿ? ಇಬ್ಬರಿಗೂ ಪತ್ರ ಬಂತು. ತಿಂಗಳಿಗೆ ಆರು ದಿನದ ತಾತ್ಕಾಲಿಕ ಕೆಲಸ, ಆದ್ರ ಎರಡೂ ಕಡೆ ಮಾಡಾಕ ಸಾಲಿಯವರು ಒಪ್ಪಲಿಲ್ಲ. ಸಾಲಿ ಬಿಡೂದಂತ ಗಟ್ಟಿ ಮಾಡಿದ್ದೆ. ಕಡಿಗೆ ನಿನಗ ಏನಂದೆ? ಆ ಮೈಕಿನ ಮುಂದ ಕೂಡೂದು ನನಗ ಸೇರಲಿಲ್ಲ, ನೀ ಹೋಗು ಅಂದೆ. ಸುಳ್ಳು. ಸಹಿ ಮಾಡಾಕ ಹೋಗೂ ಹಿಂದಿನ ದಿನ ಮಧ್ಯಾಹ್ನ ಇವರು ಊಟದ ಡಬ್ಬಿ ಹಂಗ ಹಿಡಕೊಂಡು ಮನಿಗೆ ಬಂದ್ರು. ಫೋಟೋ ಸ್ಟುಡಿಯೋ ಬಿಟ್ಟು ಬಂದಿದ್ರು. ಇಬ್ಬರೂ ಒಮ್ಮೆಲೆ ಬಿಟ್ರ ಉಣ್ಣೂದೇನು? ನಾ ನಾಳೆ ಸಹಿ ಮಾಡೂದೈತ್ರಿ ಅಂದ್ರ, ಆಮ್ಯಾಲೆ ಮಾಡಿದ್ರಾತು, ರೇಡಿಯೋ ಎಲ್ಲಿ ಓಡಿ ಹೋಗತೈತಿ ಅಂದ್ರು. ಮರುದಿನ ನಾ ಸಾಲಿಗೆ ಹೋಗಿ ಅದ ಕುರ್ಚಿ ಮ್ಯಾಲೆ ಕುಂತೆ.

ಮೊನ್ನೆ ಗುರುವಾರ ಸಂಜೀಕ ಅದನ್ನ ಇವರ ಮುಂದ ತಗದೆ. ಜಗಳಾ ಮಾಡೂದಿತ್ತು ನನಗ, ಸುಳ್ಳ್ಯಾಕ ಹೇಳಲಿ, ಇಪ್ಪತ್ತೆಂಟು ವರ್ಷದ್ದು ಒಮ್ಮೆಲೆ ಮಾಡೂದಿತ್ತು. ಆಗ ರೇಡಿಯೋಕ್ಕೂ ನೀವು ಹಿಂಗ ಅಂದಿದ್ರಿ ಅಂದೆ. ಇವರು ಚಷ್ಮಾ ತಗದು ನನ್ನ ನೋಡಿದ್ರು.

"ಯಾವ ರೇಡಿಯೋ?" ಅಂದ್ರು.

ನಾಟಕ ಮಾಡಲಿಲ್ಲ, ಸುಹಾಸಿನಿ. ಖರೇನ ನೆನಪಿಲ್ಲ. ನೀವು ಸ್ಟುಡಿಯೋ ಬಿಟ್ಟು ಬಂದ ದಿನ ಅಂತ ನೆನಪು ಮಾಡಿಕೊಟ್ಟೆ. ಹಾಂ, ಆ ಬಿಬಿಜಾನ ಅನ್ನಾಕಿ ಬಂದಿದ್ಲು, ತೀರಿಕೊಂಡ ಗಂಡನ ನೆಗೆಟಿವ್ ಕೇಳಾಕ, ಮಾಲಕ ಕೊಡಲಿಲ್ಲ, ಅಕಿ ಕೈಯಾಗ ಹಸರು ಬಳಿ ಹಂಗ ಇದ್ದೂವು ಪಾಪ, ಅಂದ್ರು. ಯಾರೋ ಬಿಬಿಜಾನನ ಬಳಿ ಬಣ್ಣ ನೆನಪೈತಿ. ಹದಿನೇಳು ನೌಕರಿಯ ಮಾಲಕರ ಹೆಸರು, ಅವರ ಮಕ್ಕಳ ಹೆಸರು ನೆನಪದಾವ. ನನ್ನ ಒಂದು ನೌಕರಿ, ಆಗದನ ಹೋದದ್ದು, ಅದಕ್ಕ ಇವರ ತಲ್ಯಾಗ ಒಂದು ಮೊಳಿ ಹೊಡಿಯೂವಷ್ಟು ಜಾಗಾ ಇರಲಿಲ್ಲ. ಜಗಳಾ ಮಾಡೂದು ನಿಂತಹೋತು. ಗೊತ್ತ ಇಲ್ಲದಾವ್ರ ಜೋಡಿ ಏನಂತ ಜಗಳಾಡೂದು?

ಶುಕ್ರವಾರ ಮಾಯಾ ಮೇಡಮ್‌ಗೆ ಚೀಟಿ ಕೊಟ್ಟೆ, ಮುಂದುವರಿಸೂದು ಬ್ಯಾಡ್ರಿ ಅಂತ. ಅಲ್ಲಿಂದನ ಅಲ್ಫಿಯಾಗ ಫೋನ್ ಹಚ್ಚಿ ಜೂನ್ ಎರಡಕ್ಕ ಬರ್ತೇನಿ ಅಂದೆ. ಮನಿಗೆ ಬಂದು ಇವರಿಗೆ ಹೇಳಿದೆ, ಒಪ್ಪಿಗಿ ಕೇಳಲಿಲ್ಲ, ಹೇಳಿದೆ. ಇವರು ರೊಟ್ಟಿ ಉಂಡ್ರು. ಇವತ್ತು ಮುಂಜಾನೆ ಇಸ್ತ್ರಿ ಅಂಗಿ ಹಾಕ್ಕೊಂಡು ದುರ್ಗದಬೈಲಿಗೆ ಹೋಗಿ ಮಧ್ಯಾಹ್ನ ಬಂದ್ರು. ಬಣ್ಣ ಬಿಡತೈತಿ ಅಂದು ಬಿಟ್ಟುಬಂದಿದ್ರಲ್ಲ, ಅದ ಸೀರಿ ಅಂಗಡಿ. ಈಗ ಆ ಮಾಲಕನ ಮೊಮ್ಮಗ ನಡಸ್ತಾನಂತ. ಸೋಮವಾರದಿಂದ ಬರ್ರಿ ಅಂದಾನ. ಹದಿನೆಂಟನೇದು. ಈ ಸಲ ಬಿಡೂದಿಲ್ಲ ರಾಹೇಲ ಅಂದ್ರು. ಬಿಟ್ರ ಬಿಡ್ರಿ, ನನ್ನ ಕುರ್ಚಿ ಖಾಲಿ ಆಗೇತಿ, ಹೋಗಿ ಅದರ ಮ್ಯಾಲೆ ಕೂಡ್ರಿ ಅಂದೆ. ಇಸ್ತ್ರಿ ಅಂಗಿ ಕಳದು ಗೂಟಕ್ಕ ಹಾಕಿಕೋತ, ಆ ರೇಡಿಯೋದಾವ್ರು ಪತ್ರ ಕಳಿಸಿದ್ರೇನು ನಿನಗ ಅಂತ ಸಣ್ಣ ದನಿಲೆ ಕೇಳಿದ್ರು. ಟ್ರಂಕಿನ್ಯಾಗ ಐತಿ, ನೋಡ್ಕೋರಿ ಅಂದು ನಾ ಇಲ್ಲೆ ಬಂದು ನಿನಗ ಬರ್ಯಾಕ ಕುಂತೆ. ಟ್ರಂಕಿನ ಮುಚ್ಚಳ ತಗದ ಸಪ್ಪಳ ಈಗಷ್ಟ ಕೇಳಿಸಿತು.

ಮದುವಿಗೆ ನೀ ಎರಡು ದಿನ ಮೊದಲ ಬಾ. ಮೊಣಕಾಲಿಗೆ ಎಳ್ಳೆಣ್ಣಿ ಹಚ್ಚು. ದೇವರು ನಿನಗ ಆಯುಷ್ಯ ಆರೋಗ್ಯ ಕೊಡಲಿ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ರಾಹೇಲ

ತಾ.ಕ.: ಮಡಚಿ ಲಕೋಟಿಗೆ ಹಾಕಿದ್ದೆ, ಮತ್ತ ಬಿಚ್ಚೇನಿ. ಇವರು ಮರತ್ರು ಅಂತ ಇಷ್ಟು ಬರದೆ, ನಾ ಮಾಡಿದ್ದು ಬರೀಲಿಲ್ಲ. ನೀ ರೇಡಿಯೋದಾಗ ಇದ್ದ ಹನ್ನೊಂದು ವರ್ಷ, ಇವತ್ತು ನನ್ನ ಓದು ಹೆಂಗಿತ್ತು ಅಂತ ನೀ ಕೇಳಿದಾಗೆಲ್ಲಾ, ಛಲೋ ಇತ್ತು ಅಂತ ಹೇಳಿದೆ. ನಿನ್ನ ಪಾಳಿ ಇದ್ದ ದಿನ ನಾ ರೇಡಿಯೋ ಹಚ್ಚತಿದ್ದೆ. 'ಆಕಾಶವಾಣಿ, ಧಾರವಾಡ' ಅಂತ ನಿನ್ನ ದನಿ ಬಂದ ಕೂಡಲೇ ಬಂದ್ ಮಾಡತಿದ್ದೆ. ಒಂದೂ ಕೇಳಿಲ್ಲ, ಸುಹಾಸಿನಿ. ನನ್ನಿಂದ ಆಗತಿರಲಿಲ್ಲ. ಈಗ ನಿನ್ನ ಕಿವಿ ಹೋದ ಮ್ಯಾಲೆ ನಾ ಮೈಕಿನ ಮುಂದ ಕೂಡಾಕತ್ತೇನಿ. ಅಲ್ಫಿಯಾ ಮೊದಲನೇ ಪಾಠ ನಿನ್ನ ಮಗಳ ಫೋನಿಗೆ ಕಳಸತೇನಿ ಅಂದಾಳ. ಕೇಳು ಅನ್ನಾಕ ನನಗ ಬಾಯಿಲ್ಲ. ಆದ್ರೂ ಆ ಮಷೀನು ಕಪಾಟಿನ್ಯಾಗಿಂದ ತಗದು ಹಾಕ್ಕೋ.